ಕಾಫಿಪುಡಿ ಬಣ್ಣದ ಪಡಸಾಲೆ

ಮಾಂಬಳ್ಳಿಯ ಶಿವರತ್ನಮ್ಮನಿಗೆ ನಾಲಿಗೆ ಒಂದು ಬಿಟ್ಟರೆ ಬೇರೆ ಆಯುಧ ಬೇಕಿರಲಿಲ್ಲ. ಸೊಸೆ ಕೋಮಲ ಕೊಳ್ಳೇಗಾಲದಿಂದ ಮದುವೆಯಾಗಿ ಬಂದು, ಹೊಸ್ತಿಲ ಮೇಲಿನ ಸೇರಕ್ಕಿ ಒದ್ದು ಒಳಗೆ ಕಾಲಿಟ್ಟ ದಿನವೇ ಅವಳಿಗೆ ಅದರ ರುಚಿ ಸಿಕ್ಕಿತು. ಮದುವೆಗೆಂದು ಪಡಸಾಲೆಗೆ ನೀಲಿ ಬೆರೆಸಿದ ಸುಣ್ಣ ಹೊಡೆಸಿದ್ದರು. ಗೋಡೆಗಳು ಹಾಲಿನ ಹಾಗೆ ಇದ್ದವು. ಕೋಮಲ ಕಪ್ಪು ಹುಡುಗಿ. ನೆಂಟರೆಲ್ಲ ಸುತ್ತ ಕುಳಿತಿರುವಾಗಲೇ ಅತ್ತೆ ಸೊಸೆಯ ಕೈ ಹಿಡಿದು ಗೋಡೆಗೆ ಒತ್ತಿ, ಬಟ್ಟೆ ಅಂಗಡಿಯಲ್ಲಿ ಬಣ್ಣ ತಾಳೆ ನೋಡುವವಳ ಹಾಗೆ ಕತ್ತು ವಾರೆ ಮಾಡಿ ನೋಡಿದಳು.

"ಸುಣ್ಣದ ವಾಸ್ನೆ ಇನ್ನೂ ಓಗಿಲ್ಲ, ಆಗ್ಲೇ ಮನೇಗೆ ಮಸಿ ಬಂತಲ್ರವ್ವ" ಅಂದಳು.

ನೆಂಟರು ಗೊಳ್ಳೆಂದು ನಕ್ಕರು. ಮದುಮಗ ಬಸವೇಶ ನಕ್ಕನೋ ಇಲ್ಲವೋ ಯಾರಿಗೂ ಗೊತ್ತಾಗಲಿಲ್ಲ. ಅವನು ಮುಖ ಆ ಕಡೆ ತಿರುಗಿಸಿಕೊಂಡಿದ್ದ. ಆ ಮನುಷ್ಯ ಬದುಕಿನುದ್ದಕ್ಕೂ ಮಾಡಿದ್ದು ಅದೊಂದೇ ಕೆಲಸ ಎಂದು ಈಗ ಹೇಳಿದರೆ ಮಾಂಬಳ್ಳಿಯಲ್ಲಿ ಯಾರೂ ಒಪ್ಪುವುದಿಲ್ಲ. ಯಳಂದೂರಿನಲ್ಲಿ ಬೀಜ ಗೊಬ್ಬರದ ಅಂಗಡಿ ಇಟ್ಟವನು, ಎತ್ತರದ ದನಿಯಲ್ಲಿ ಮಾತಾಡದವನು, ಒಬ್ಬರ ಮೇಲೂ ಕೈ ಎತ್ತದವನು. ಬಂಗಾರದಂಥ ಮನುಷ್ಯ ಎಂದು ಅವನಿಗೆ ಹೆಸರು. ಬಾಯಿ ಬಿಡದ ಗಂಡಸಿಗೆ ಊರು ಎಷ್ಟು ಸುಲಭವಾಗಿ ಒಳ್ಳೆಯವನೆಂಬ ಪಟ್ಟ ಕಟ್ಟುತ್ತದೆ ಎಂದು ನೆನೆದರೆ ನನಗೆ ಮೈ ಉರಿಯುತ್ತದೆ.

ಆ ಮನೆಯಲ್ಲಿ ಒಂದು ಕಟ್ಟಳೆ ಇತ್ತು. ಹಿರಿಯರು ಕೂರುವ ಪಡಸಾಲೆಯಲ್ಲಿ ಸೊಸೆಯಾದವಳು ಕೂರುವ ಹಾಗಿಲ್ಲ. ಗುಡಿಸಬಹುದು, ಒರೆಸಬಹುದು, ಕಾಫಿ ತಂದಿಟ್ಟು ಹಿಂದಕ್ಕೆ ಸರಿಯಬಹುದು. ಕೂರಬೇಕೆನಿಸಿದರೆ ನಡುಬಾಗಿಲಿನ ಹಿಂದೆ, ಅಡುಗೆಮನೆಗೆ ಹೋಗುವ ಇಕ್ಕಟ್ಟಿನ ದಾರಿಯಲ್ಲಿ ಕೂರಬೇಕು. ಶಿವರತ್ನಮ್ಮ ಮಾತ್ರ ಪಡಸಾಲೆಯ ದೊಡ್ಡ ಗೋಡೆಗೆ ಒರಗಿ, ಕಾಲು ಚಾಚಿ ಕೂರುತ್ತಿದ್ದಳು. ಹರಳೆಣ್ಣೆ ಹಚ್ಚಿದ ತಲೆ ಆನಿಸಿ ಆನಿಸಿ ಅಲ್ಲಿ ಊಟದ ತಟ್ಟೆಯಗಲ ಜಿಡ್ಡಿನ ಕಲೆ ಬಿದ್ದಿತ್ತು. ಬಂದವರು ಯಾರೇ ಆಗಲಿ ಆ ಕಲೆಯ ಕೆಳಗೆ ಕೂರುತ್ತಿರಲಿಲ್ಲ. ಮನೆಗೆ ಟೀವಿ ಬಂದಾಗಲೂ ಕೋಮಲ ಅದನ್ನು ನೋಡಿದ್ದು ಬಾಗಿಲ ಸಂದಿಯಿಂದಲೇ. ಅರ್ಧ ಪರದೆ ಕಾಣುತ್ತಿತ್ತು, ಇನ್ನರ್ಧ ಗೋಡೆಗೆ ಮರೆಯಾಗಿತ್ತು. ಧಾರಾವಾಹಿಯಲ್ಲಿ ಬೈಯುವ ಗಂಡನ ದನಿ ಕೇಳುತ್ತಿತ್ತು, ಬೈಸಿಕೊಳ್ಳುವ ಹೆಂಡತಿ ಮಾತ್ರ ಕಾಣುತ್ತಿದ್ದಳು. ಹೀಗೆ ಸುಮಾರು ಇಪ್ಪತ್ತು ವರ್ಷ ಕಳೆಯಿತು. ಮಗಳು ನಾಗಶ್ರೀ ಹುಟ್ಟಿ ದೊಡ್ಡವಳಾಗಿ ನರ್ಸಿಂಗ್ ಓದಲು ಚಾಮರಾಜನಗರದ ಹಾಸ್ಟೆಲ್ಲು ಸೇರಿದಳು. ಮಾವ ಪುಟ್ಟಬಸಪ್ಪ ತೀರಿಕೊಂಡ. ಕೋಮಲ ಬಾಗಿಲ ಹಿಂದೆಯೇ ಇದ್ದಳು.

ಆಮೇಲೆ ಒಂದು ದಿನ ಶಿವರತ್ನಮ್ಮ ಬಚ್ಚಲಲ್ಲಿ ಜಾರಿಬಿದ್ದಳು. ಸೊಂಟದ ಮೂಳೆ ಮುರಿಯಿತು. ಕೊಳ್ಳೇಗಾಲದಲ್ಲಿ ರಾಡು ಹಾಕಿಸಿ ಕರೆತಂದರು. ಕೋಲಿನ ಆಸರೆಯಲ್ಲಿ ನಾಲ್ಕು ಹೆಜ್ಜೆ ಇಡುತ್ತಿದ್ದಳೇ ಹೊರತು, ನೆಲದ ಮೇಲೆ ಕುಳಿತರೆ ಇನ್ನೊಬ್ಬರು ಎತ್ತದೆ ಏಳುವಂತಿರಲಿಲ್ಲ. ಎತ್ತುವವಳು ಕೋಮಲ. ಮೊದಲ ಸಲ ಅತ್ತೆಯ ಕಂಕುಳಿಗೆ ಕೈ ಹಾಕಿ ಎತ್ತಿದಾಗ, ಈ ಹೆಂಗಸು ಇಷ್ಟು ಹಗುರವೇ ಎಂದು ಅವಳಿಗೆ ಆಶ್ಚರ್ಯವಾಯಿತು. ಎರಡನೇ ಸಲ ಎತ್ತುವಾಗ ಸ್ವಲ್ಪ ತಡ ಮಾಡಿದಳು. ತಡ ಮಾಡಿದರೂ ಏನೂ ಆಗಲಿಲ್ಲ. ಬೀರುವಿನ ಬೀಗದ ಕೈ ಅದೇ ತಿಂಗಳಲ್ಲಿ ಸೊಸೆಯ ಸೊಂಟ ಸೇರಿತು.

ಪಡಸಾಲೆಗೆ ಬಣ್ಣ ಹೊಡೆಸುವ ಯೋಚನೆ ಬಂದದ್ದು ಆಗಲೇ. ರಜೆಗೆ ಬಂದಿದ್ದ ನಾಗಶ್ರೀ ಮೊಬೈಲಿನಲ್ಲಿ ಯಾವುದೋ ಮನೆಯ ಚಿತ್ರ ತೋರಿಸಿದಳು. ಗೋಡೆಯೆಲ್ಲ ಕಾಫಿಪುಡಿಯ ಬಣ್ಣ, ಮೇಲ್ಚಾವಣಿ ಕೆನೆ ಬಣ್ಣ, ಮೂಲೆಯಲ್ಲಿ ಹಳದಿ ದೀಪ. ಕೋಮಲ ಆ ಚಿತ್ರವನ್ನು ಬಹಳ ಹೊತ್ತು ನೋಡಿದಳು. ಅದು ಅವಳ ಮುಂಗೈಯ ಬಣ್ಣವಾಗಿತ್ತು. ಮಗಳಿಗೆ ಅದು ಗೊತ್ತಾಗಲಿಲ್ಲ. ಗೋಡೆಯ ಮೇಲಿನ ಜಿಡ್ಡಿನ ಕಲೆಯೂ ಇದರಲ್ಲಿ ಮುಚ್ಚಿಹೋಗುತ್ತದೆ ಎಂದಷ್ಟೇ ಕೋಮಲ ಬಾಯಿಬಿಟ್ಟು ಹೇಳಿದಳು.

ಬಣ್ಣದ ಕೆಲಸಕ್ಕೆ ಬಂದವನು ಬಂಡಳ್ಳಿಯ ಮಾದಸ್ವಾಮಿ. ಡಬ್ಬದ ಮುಚ್ಚಳ ತೆಗೆದವನು ಒಳಗಿನ ಬಣ್ಣ ನೋಡಿ ತಲೆ ಕೆರೆದುಕೊಂಡ.

"ಅಕ್ಕಾರೆ, ಈ ಪಡಸಾಲೇಗೆ ಇರದೇ ಒಂದು ಕಿಟ್ಕಿ. ಇದ ಒಡುದ್ರೆ ಮದ್ಯಾನ್ಕೇ ಲೈಟ್ ಆಕಬೇಕಾಯ್ತದೆ. ಒಂದ್ ಗ್ವಾಡೇಗೆ ಒಡ್ದು ಮಿಕ್ಕಿದ್ಕೆಲ್ಲ ಕ್ರೀಮ್ ಕೊಡಾನ?"

"ನಾಕಕ್ಕೂ ಒಡೀರಿ" ಅಂದಳು ಕೋಮಲ. "ಲೈಟ್ ತಾನೇ, ಆಕ್ಕಂತೀವಿ."

ಮಾದಸ್ವಾಮಿ ಹಳೆಯ ಸುಣ್ಣ ಕೆರೆದು, ಜಿಡ್ಡಿನ ಕಲೆಯನ್ನು ಉಜ್ಜಿ, ಗುಳಿಗಳಿಗೆ ಪುಟ್ಟಿ ತುಂಬಿ, ಮೇಲೆ ಎರಡು ಕೋಟು ಎಳೆದ. ಹಿಂದಿನ ಕೋಣೆಯಲ್ಲಿ ಮಂಚದ ಮೇಲಿದ್ದ ಶಿವರತ್ನಮ್ಮ ಕೆರೆಯುವ ಸದ್ದನ್ನು ಕೇಳಿಸಿಕೊಳ್ಳುತ್ತ ದಿನವೆಲ್ಲ ಶಾಪ ಹಾಕಿದಳು. ಕೆಲಸ ಮುಗಿದ ಮೇಲೆ ಕೋಲೂರಿಕೊಂಡು ಬಂದು ನಡುಬಾಗಿಲಲ್ಲಿ ನಿಂತಳು.

"ಇದೇನಮ್ಮಿ ಇದು, ಗ್ವಾಡೇಗೆ ಸಗಣಿ ಬಳ್ದಂಗೆ?"

"ಮಸಿ ಬಂದು ಬಾಳ ವರ್ಸ ಆಯ್ತಲ್ಲ ಅತ್ತೆ, ಈಗ ಗ್ವಾಡೇಗೂ ಅತ್ಕತು" ಅಂದಳು ಕೋಮಲ. ಆ ಮಾತನ್ನು ಅವಳು ಎಷ್ಟು ವರ್ಷ ಬಾಯಲ್ಲಿಟ್ಟುಕೊಂಡು ಚಪ್ಪರಿಸಿದ್ದಳೋ ಆ ಶಿವನೇ ಬಲ್ಲ. ಶಿವರತ್ನಮ್ಮ ಕೋಲೂರಿಕೊಂಡು ಬಂದ ದಾರಿಯಲ್ಲೇ ಹಿಂದಿನ ಕೋಣೆಗೆ ತಿರುಗಿದಳು.

ಸುಳ್ಳೇಕೆ ಹೇಳಬೇಕು, ಪಡಸಾಲೆ ಚೆನ್ನಾಗಿಯೇ ಕಂಡಿತು. ಅಟ್ಟದ ಮೇಲೆ ಬಿದ್ದಿದ್ದ ಹಿತ್ತಾಳೆ ಬಿಂದಿಗೆಗಳನ್ನು ಕೋಮಲ ಹುಣಸೆಹಣ್ಣು ಹಾಕಿ ಬೆಳಗಿ ಸಾಲಾಗಿ ಇಟ್ಟಳು. ಹಳದಿ ಬಲ್ಬಿನ ಬೆಳಕಿನಲ್ಲಿ, ಆ ಕಡುಕಂದು ಗೋಡೆಯ ಮುಂದೆ ಅವು ಚಿನ್ನದ ಹಾಗೆ ಹೊಳೆದವು. ಕೆನೆ ಬಣ್ಣದ ಪರದೆ ಬಂತು, ಎರಡು ಸೋಫಾ ಬಂತು. ಊರ ಹೆಂಗಸರು ಯಾವುದಾದರೂ ನೆಪ ಮಾಡಿಕೊಂಡು ನೋಡಲು ಬಂದರು. ಎಲ್ಲರಿಗಿಂತ ಹೆಚ್ಚು ಹಿಗ್ಗಿದವನು ಬಸವೇಶ. ಅಂಗಡಿಗೆ ಬರುವ ಗೊಬ್ಬರದ ಕಂಪನಿಯವರನ್ನು ಕಾಫಿಗೆ ಮನೆಗೇ ಕರೆತರತೊಡಗಿದ. ಗೋಡೆಯ ಮುಂದೆ ಕುಳಿತು ಫೋಟೋ ತೆಗೆಸಿಕೊಂಡ. "ಮನೆ ಅಂದ್ರೆ ಇಂಗಿರ್ಬೇಕು ಕಣೆ" ಎಂದು ಹೆಂಡತಿಗೆ ಹೇಳಿದ. ಅವನು ಅವಳನ್ನು ಹೊಗಳಿದ್ದು ಅಪರೂಪ. ಕೋಮಲ ಆ ರಾತ್ರಿ ಸೋಫಾದ ಮೇಲೆ ಕಾಲು ಮಡಚಿ ಕುಳಿತು ಇಡೀ ಟೀವಿ ನೋಡಿದಳು.

ಆದರೆ ಒಂದು ವಿಷಯ ಅವಳಿಗೆ ಹೊಳೆದಿರಲಿಲ್ಲ. ಅದು ಶಿವನ ಒಕ್ಕಲಿನ ಮನೆ. ಶಿವರತ್ನಮ್ಮ ಬೆಳಿಗ್ಗೆ ಎದ್ದು ಮಿಂದು, ಅಂಗೈಯಲ್ಲಿ ಲಿಂಗವಿಟ್ಟು ಪೂಜೆ ಮಾಡಿ, ಹಣೆಗೆ, ಕುತ್ತಿಗೆಗೆ, ತೋಳಿಗೆ ದಪ್ಪವಾಗಿ ವಿಭೂತಿ ಬಳಿದುಕೊಂಡೇ ಪಡಸಾಲೆಗೆ ಬರುತ್ತಿದ್ದಳು. ಸುಣ್ಣದ ಗೋಡೆಗೆ ಅಷ್ಟು ವರ್ಷ ಎಷ್ಟು ವಿಭೂತಿ ಮೆತ್ತಿತ್ತೋ ಯಾರು ಕಂಡಿದ್ದರು? ಬಿಳಿಯ ಮೇಲೆ ಬಿಳಿ ಕಾಣುವುದಿಲ್ಲ. ಎಣ್ಣೆಯ ಕಲೆ ಮುಚ್ಚಲೆಂದು ಆರಿಸಿದ ಬಣ್ಣದ ಮೇಲೆ, ಅತ್ತೆ ಒರಗಿದ ಮೊದಲ ದಿನವೇ ಬೆನ್ನು, ತೋಳು, ತಲೆ ಎಲ್ಲವೂ ಬೆಳ್ಳಗೆ ಮೂಡಿದವು. ಎತ್ತಿ ನಿಲ್ಲಿಸುವಾಗ ಆಸರೆಗೆ ಊರಿದ ಕೈ ಐದು ಬೆರಳೂ ಸಮೇತ ಗೋಡೆಯ ಮೇಲೆ ಉಳಿಯಿತು.

ಕೋಮಲ ಒದ್ದೆ ಬಟ್ಟೆಯಲ್ಲಿ ಒರೆಸಿದಳು. ಮರುದಿನ ಮತ್ತೆ ಬಂತು. ಮತ್ತೆ ಒರೆಸಿದಳು. ಒಂದು ವಾರದಲ್ಲಿ ಶಿವರತ್ನಮ್ಮನಿಗೂ ವಿಷಯ ತಿಳಿಯಿತು. ಆಮೇಲೆ ಅವಳು ಬೇಕೆಂದೇ ಅಂಗೈ ತುಂಬ ವಿಭೂತಿ ತಿಕ್ಕಿಕೊಂಡು ಬಂದು, ಕೂರುವ ಮುಂಚೆ ಗೋಡೆಯನ್ನು ಎಮ್ಮೆಯ ಬೆನ್ನು ತಟ್ಟಿದ ಹಾಗೆ ತಟ್ಟತೊಡಗಿದಳು. ತಟ್ಟಿ, ಸೊಸೆಯ ಕಡೆ ನೋಡಿ, ಬೊಚ್ಚುಬಾಯಿ ಅಗಲಿಸುತ್ತಿದ್ದಳು.

ಒಂದು ದಿನ ಬೆಳಿಗ್ಗೆ ಬಸವೇಶ ಕಾಫಿ ಕುಡಿಯುತ್ತಿರುವಾಗ ಕೋಮಲ ನಡುಬಾಗಿಲಿಗೆ ಅಡ್ಡ ನಿಂತಳು.

"ಅತ್ತೆ, ಇಬೂತಿಯ ಪೂಜೆ ಮಾಡಾಗ ಇಟ್ಕಳಿ. ಪಡಸಾಲೇಗೆ ಬರಾಗ ಒರಸ್ಕ ಬನ್ನಿ. ಆಗಕಿಲ್ಲ ಅಂದ್ರೆ ಒಳ್ಗೇ ಕುಂತ್ಕಳಿ."

ಮುದುಕಿ ಕೋಲನ್ನು ನೆಲಕ್ಕೆ ಕುಟ್ಟಿದಳು. "ನಿಮ್ಮಾವ ಸತ್ತಾಗ ನನ್ ಕುಂಕ್ಮ ಅಳಿಸುದ್ರು, ಬಳೆ ಒಡುದ್ರು. ಇಬೂತಿ ತಂಟೇಗೆ ಯಾರೂ ಬರ್ನಿಲ್ಲ. ಮಠದ ಸ್ವಾಮಿಗೋಳೇ ಮುಟ್ನಿಲ್ಲ ಕಣಮ್ಮಿ. ನಿನ್ ಗ್ವಾಡೇಗೋಸ್ಕರ ಒರಸ್ಕಂಡೇನಾ ನಾನು?" ಮಗನ ಕಡೆ ತಿರುಗಿದಳು. "ಬಸವೇಶ, ನೀನಾರ ಏಳಪ್ಪ."

ಬಸವೇಶ ಲೋಟ ಕೆಳಗಿಟ್ಟ. ಅವ್ವನನ್ನೂ ನೋಡಲಿಲ್ಲ, ಹೆಂಡತಿಯನ್ನೂ ನೋಡಲಿಲ್ಲ. "ನಿಮ್ಮಿಬ್ರ ಮದ್ಯಕ್ಕೆ ನಾ ಬರಕಿಲ್ಲ ಕಣವ್ವ. ನಂಗೆ ಅವಳೂ ಒಂದೇ, ನೀನೂ ಒಂದೇ" ಎಂದು ಬೈಕಿನ ಬೀಗದ ಕೈ ಹುಡುಕಿಕೊಂಡು ಹೊರಟುಹೋದ. ಹೋಗುವಾಗ ಗೋಡೆಯ ಮೇಲೆ ಇದ್ದ ಒಂದು ಬೆರಳಿನ ಗುರುತನ್ನು ಕರ್ಚೀಫಿನಿಂದ ಒರೆಸಿ ಹೋದ. ಕೋಮಲ ಅದನ್ನು ನೋಡಿ ಗೆದ್ದೆ ಅಂದುಕೊಂಡಳು.

ಶಿವರತ್ನಮ್ಮ ವಿಭೂತಿ ಒರೆಸಿಕೊಳ್ಳಲಿಲ್ಲ. ಹಾಗಾಗಿ ನಡುಬಾಗಿಲಿನ ಹಿಂದಿನ ಆ ಇಕ್ಕಟ್ಟಿನ ದಾರಿಯೇ ಅವಳಿಗೆ ಗತಿಯಾಯಿತು. ಕೋಮಲ ಅಲ್ಲೊಂದು ಚಾಪೆ ಹಾಕಿದಳು. ಟೀವಿಯನ್ನು ಸ್ವಲ್ಪ ಈಚೆಗೆ ತಿರುಗಿಸಿದ್ದರೆ ಮುದುಕಿಗೆ ಪೂರ್ತಿ ಕಾಣುತ್ತಿತ್ತು, ತಿರುಗಿಸಲಿಲ್ಲ. "ಎತ್ತಮ್ಮಿ, ಒಂದಕ್ಕೆ ಓಗಬೇಕು" ಎಂದು ಕೂಗಿದರೆ ಮೊದಲ ಕೂಗಿಗೆ ಹೋಗುತ್ತಿರಲಿಲ್ಲ, ಎರಡನೆಯದಕ್ಕೂ ಹೋಗುತ್ತಿರಲಿಲ್ಲ. ಕೆಲವು ಸಲ ಅಷ್ಟರಲ್ಲಿ ಚಾಪೆ ನೆನೆದಿರುತ್ತಿತ್ತು. ಆಗ ನೆಂಟರೆದುರು ಮೂಗು ಮುಚ್ಚಿಕೊಂಡು, "ಅತ್ತೇಗೆ ಒಳ್ಗೇ ಇತ ಕಣ್ರಿ, ಆಚೆ ಬನ್ನಿ ಅಂದ್ರೂ ಬರಕಿಲ್ಲ" ಅನ್ನುತ್ತಿದ್ದಳು. ಈ ಮಾತನ್ನು ಬರೆಯುವಾಗ ನನಗೇ ಕೋಮಲಳ ಮೇಲೆ ಅಸಹ್ಯ ಬರುತ್ತದೆ. ಆ ಬಾಗಿಲ ಹಿಂದೆ ಅವಳು ಕಳೆದ ವರ್ಷಗಳು ನೆನಪಾದರೆ ಬಂದ ಅಸಹ್ಯ ಅರ್ಧಕ್ಕೇ ನಿಲ್ಲುತ್ತದೆ.

ಮುದುಕಿಗೂ ಸೋಲು ಗೊತ್ತಿರಲಿಲ್ಲ. ಅವಳು ಒಂದು ದಿನವನ್ನು ಕಾಯತೊಡಗಿದಳು. ಆ ಕಡೆ ಸತ್ತವರನ್ನು ಮಲಗಿಸುವುದಿಲ್ಲ. ಸ್ನಾನ ಮಾಡಿಸಿ, ಪಡಸಾಲೆಯ ಗೋಡೆಗೆ ಒರಗಿಸಿ ಕೂರಿಸಿ, ಮೊಳೆ ಹೊಡೆದು ಬಟ್ಟೆ ಕಟ್ಟಿ ತಲೆ ನಿಲ್ಲಿಸಿ, ಮೈತುಂಬ ವಿಭೂತಿ ಬಳಿಯುತ್ತಾರೆ. ಬಂದ ನೆಂಟರೆಲ್ಲ ತಮ್ಮ ಪಾಲಿಗೊಂದು ಹಿಡಿ ಹಚ್ಚುತ್ತಾರೆ. ಶಿವರತ್ನಮ್ಮನ ಮಾವನನ್ನೂ ಗಂಡನನ್ನೂ ಕೂರಿಸಿದ್ದು ಅದೇ ದೊಡ್ಡ ಗೋಡೆಗೆ.

"ಈಗ ತಾನೇ ಬರಬ್ಯಾಡ ಅಂತಾಳೆ?" ಎಂದು ಪಕ್ಕದ ಮನೆಯ ಮಹಾದೇವಮ್ಮನಿಗೆ ಹೇಳುತ್ತಿದ್ದಳು, ಸೊಸೆಗೆ ಕೇಳಲಿ ಎಂದು ದನಿ ಏರಿಸಿ. "ನಾನ್ ಸತ್ ದಿನ ಅದ್ಯಾವ್ ಬಾಯಲ್ಲಿ ಬ್ಯಾಡ ಅಂದಾಳು? ಅದೇ ಗ್ವಾಡೇಗೇ ಕುಂತ್ಕತೀನಿ ಕಣವ್ವ, ಮಾರಾಣಿ ಕುಂತಂಗೆ. ನೀನು ಮರೀದೆ ಮಾದಪ್ಪನ ಬೆಟ್ಟದಿಂದ ಇಬೂತಿ ತರ್ಸು. ಎಲ್ರೂ ಬಳೀರಿ. ಗ್ವಾಡೆ ಬೆಳ್ಳಗಾಗ್ಬೇಕು."

ದಿಂಬಿನ ಕೆಳಗೆ ವಿಭೂತಿಯ ಗಟ್ಟಿಗಳು ಸೇರುತ್ತ ಹೋದವು. ಸಾಯುವುದಕ್ಕೆ ಇಷ್ಟು ಆಸೆಯಿಂದ ತಯಾರಿ ಮಾಡಿಕೊಂಡವರನ್ನು ಮಾಂಬಳ್ಳಿ ಕಂಡಿರಲಿಲ್ಲ. ಕೋಮಲ ಕೇಳಿಯೂ ಕೇಳದವಳಂತೆ ಇದ್ದಳು. ಒಳಗೊಳಗೆ ಮಾತ್ರ ಈ ಹೆಂಗಸಿನ ಛಲಕ್ಕೆ ಅವಳು ಸಣ್ಣಗೆ ಬೆರಗಾಗಿದ್ದಳು.

ಚಳಿಗಾಲ ಬಂತು. ಮುದುಕಿಗೆ ಜ್ವರ ಹಿಡಿಯಿತು. ಒಂದು ಮಧ್ಯಾಹ್ನ ಕೋಮಲ ಅವಳ ತಲೆಗೆ ಎಣ್ಣೆ ಒತ್ತುತ್ತಿದ್ದಳು. ಕಣ್ಣು ಮುಚ್ಚಿಕೊಂಡೇ ಶಿವರತ್ನಮ್ಮ ಗೊಣಗಿದಳು.

"ನಾನು ನಿನ್ನ ಬಾಗ್ಲಿಂದೆಯಾದ್ರೂ ಕೂರಸ್ದೆ ಕಣಮ್ಮಿ. ನಮ್ಮತ್ತೆ ನನ್ನ ಕೊಟ್ಗೇಲಿ ಕೂರುಸ್ತಿದ್ಳು, ಎಮ್ಮೆ ಪಕ್ದಲ್ಲಿ."

"ಎಮ್ಮೇನೇ ವಾಸಿ ಬುಡಿ ಅತ್ತೆ, ನಿಮ್ಮಂಗೆ ಮಾತಾಡಕಿಲ್ವಲ್ಲ" ಅಂದಳು ಕೋಮಲ.

ಮುದುಕಿ ಕಿಸಕ್ಕನೆ ನಕ್ಕಳು. ಕೋಮಲಳಿಗೂ ನಗು ತಡೆಯಲಾಗಲಿಲ್ಲ. ಇಬ್ಬರೂ ಕೆಮ್ಮು ಬರುವವರೆಗೆ ನಕ್ಕರು. ಅಷ್ಟಾದ ಮೇಲೆ ಒಂದು ಮಾತು ಆಡಿದ್ದರೆ, ಏಳಿ ಅತ್ತೆ, ಆಚೆ ಹೋಗಿ ಕೂರೋಣ ಅಂದಿದ್ದರೆ, ಆಗಿಹೋಗುತ್ತಿತ್ತು. ನಾಲಿಗೆಯ ತುದಿಗೆ ಬಂದೂ ಇತ್ತು. ನಾಳೆ ಹೇಳೋಣ ಎಂದು ಎಣ್ಣೆಯ ಬಟ್ಟಲು ಎತ್ತಿಕೊಂಡು ಎದ್ದಳು. ಮರುದಿನ ಮುದುಕಿ ಕಾಫಿ ಚೆಲ್ಲಿದಳು, ಬೈಗುಳ ಶುರುವಾಯಿತು, ಆ ಮಾತು ಹಾಗೇ ಉಳಿಯಿತು.

ಅದಾದ ಕೆಲವೇ ದಿನಕ್ಕೆ, ಬೆಳಗಿನ ಕಾಫಿ ತೆಗೆದುಕೊಂಡು ಹೋದಾಗ ಶಿವರತ್ನಮ್ಮ ತಣ್ಣಗಾಗಿದ್ದಳು. ಕೋಮಲ ಲೋಟ ಕೆಳಗಿಟ್ಟು ಅಲ್ಲೇ ಕುಳಿತಳು. ತನಗೆ ಅಳು ಬರುತ್ತದೆ ಎಂದು ಅವಳು ಎಣಿಸಿರಲಿಲ್ಲ. ಬಂತು, ಎದೆ ಬಿರಿಯುವ ಹಾಗೆ ಬಂತು. ಜಗಳವಾಡಲು ಇನ್ನು ಆ ಮನೆಯಲ್ಲಿ ಯಾರೂ ಇಲ್ಲ ಎಂದು ಅತ್ತಳೋ, ಹೇಳದೆ ಉಳಿದ ಮಾತಿಗಾಗಿ ಅತ್ತಳೋ ಅವಳಿಗೂ ಗೊತ್ತಿರಲಿಲ್ಲ.

ಅತ್ತು ಮುಗಿಸಿ ಎದ್ದವಳು ಸೀದಾ ಪಡಸಾಲೆಗೆ ಹೋದಳು. ಸೋಫಾ ಎಳೆದು ಪಕ್ಕಕ್ಕೆ ಹಾಕಿದಳು. ಬಿಂದಿಗೆಗಳನ್ನು ಎತ್ತಿಟ್ಟಳು. ದೊಡ್ಡ ಗೋಡೆಯ ಬುಡವನ್ನು ಒರೆಸಿ ಹೊಸ ಚಾಪೆ ಹಾಸಿದಳು. ದಿಂಬಿನ ಕೆಳಗಿದ್ದ ವಿಭೂತಿಯ ಗಟ್ಟಿಗಳನ್ನೆಲ್ಲ ತಂದು ತಟ್ಟೆಯಲ್ಲಿ ಪುಡಿಮಾಡಿದಳು. ಹೊಲ ನೋಡಿಕೊಳ್ಳುವ ಚೆನ್ನಯ್ಯ ಸುದ್ದಿ ತಿಳಿದು ಓಡಿಬಂದಾಗ ಅವನ ಕೈಗೆ ಸುತ್ತಿಗೆ, ಮೊಳೆ ಕೊಟ್ಟು, "ಇಲ್ಲೇ ಕೂರ್ಸಾನ ಚೆನ್ನಯ್ಯ. ಅತ್ತೆ ಜಾಗ ಇದೇಯ" ಅಂದಳು.

ಚೆನ್ನಯ್ಯ ಮೊಳೆಯನ್ನು ಗೋಡೆಗೆ ಇಟ್ಟು ಸುತ್ತಿಗೆ ಎತ್ತಿದ್ದ. ಜಗುಲಿಯಲ್ಲಿ ಫೋನಿನಲ್ಲಿ ಮಾತಾಡುತ್ತಿದ್ದ ಬಸವೇಶ ಒಳಗೆ ಇಣುಕಿದ.

"ಲೋ, ತಡ್ಯೋ. ಗ್ವಾಡೇಗೆ ಯಾಕೆ ಒಡೀತೀಯ? ಆಳಾಯ್ತದೆ."

"ಅವ್ವನ್ನ ಕೂರ್ಸಕೆ ಕಣ್ರೀ" ಅಂದಳು ಕೋಮಲ.

"ಇಲ್ ಬ್ಯಾಡ. ಯಳಂದೂರಿಂದ ಶಾಮಿಯಾನ ಬತ್ತಾ ಅದೆ, ಚೇರೂ ಬತ್ತವೆ. ಬೀದೀಲೇ ಚೇರಲ್ಲಿ ಕೂರ್ಸಿದ್ರೆ ಗಾಳಿ ಬೆಳಕು ಇರ್ತದೆ. ಇಲ್ಲಾದ್ರೆ ಬಂದೋರೆಲ್ಲ ಇಬೂತಿಯ ಗ್ವಾಡೇಗೇ ಬಳೀತಾರೆ."

"ಗ್ವಾಡೆ ಓದ್ರೆ ಓಗ್ಲಿ ರೀ. ಒಂದ್ ದಿನ. ಅತ್ತೇಗೆ ಅದೊಂದೇ ಆಸೆ ಇದ್ದದ್ದು. ನಿಮ್ಗೂ ಗೊತ್ತಿಲ್ವಾ?"

"ಸತ್ತೋರ್ಗೆ ಏನ್ ಆಸೆ" ಅಂದ ಬಸವೇಶ, ಎಂದಿನ ಮೆಲುದನಿಯಲ್ಲೇ. "ಚೆನ್ನಯ್ಯ, ಸುತ್ಗೆ ಒಳಗಿಡು."

ಚೆನ್ನಯ್ಯ ಇಬ್ಬರ ಮುಖವನ್ನೂ ನೋಡಿದ. ಅವನು ಬಸವೇಶನ ಹೊಲದಲ್ಲಿ ದುಡಿಯುವವನು. ಸುತ್ತಿಗೆಯನ್ನು ಒಳಗಿಟ್ಟ.

ಶಾಮಿಯಾನ ಬಂತು. ಶಿವರತ್ನಮ್ಮನನ್ನು ಬೀದಿಯಲ್ಲಿ ಪ್ಲಾಸ್ಟಿಕ್ ಕುರ್ಚಿಯ ಮೇಲೆ ಕೂರಿಸಿ, ತಲೆ ಜೋಲದಂತೆ ಬಟ್ಟೆ ಸುತ್ತಿ ಶಾಮಿಯಾನದ ಕಂಬಕ್ಕೆ ಕಟ್ಟಿದರು. ಲಾರಿ, ಆಟೋ, ಬಸ್ಸುಗಳ ಧೂಳು ಹಾರಿ ಬಂದು ಕೂರುತ್ತಿತ್ತು. ಮಧ್ಯಾಹ್ನದ ಹೊತ್ತಿಗೆ ಬಂಡಳ್ಳಿಯಿಂದ ಮುದುಕಿಯ ತಮ್ಮ ಪುಟ್ಟಮಾದಪ್ಪ ಬಂದಿಳಿದ. ಅಕ್ಕನ ಮುಖದ ಮೇಲೆ ಕೂತಿದ್ದ ಧೂಳನ್ನು ಹೆಗಲ ವಸ್ತ್ರದಿಂದ ಒರೆಸಿದ.

"ಇದ್ಯಾಕ್ಲಾ ಬಸವೇಶ, ನಮ್ಮಕ್ಕನ್ನ ಇಂಗೆ ಬೀದೀಲಿ ಕೂರ್ಸಿದ್ದೀರಿ? ಮನೆ ಇರ್ನಿಲ್ವಾ?"

ಕೋಮಲ ವಿಭೂತಿಯ ತಟ್ಟೆ ಹಿಡಿದು ಎರಡು ಹೆಜ್ಜೆ ಹಿಂದೆ ನಿಂತಿದ್ದಳು. ಬಸವೇಶನ ಕಣ್ಣಲ್ಲಿ ನೀರು ತುಂಬಿತ್ತು. ಅದು ನಿಜವಾದ ನೀರೇ ಇರಬೇಕು, ಅವನು ಅಳುಮುಖ ಮಾಡುವ ಮನುಷ್ಯನಲ್ಲ.

"ನಾನೇನ್ ಮಾಡ್ಲಿ ಮಾವ. ಕೋಮಲಂಗೆ ಆ ಗ್ವಾಡೆ ಮ್ಯಾಲೆ ಪ್ರಾಣ. ನಿಮ್ಗೂ ಗೊತ್ತಲ್ಲ. ಇವತ್ತೊಂದಿನ ಜಗಳ ಬ್ಯಾಡ ಅಂತ ನಾನೇ ಸುಮ್ಕಾದೆ."

ಸುತ್ತ ಇದ್ದ ಹೆಂಗಸರು ಒಬ್ಬರ ಮುಖ ಒಬ್ಬರು ನೋಡಿಕೊಂಡರು. ಮಹಾದೇವಮ್ಮ ಲಟಲಟನೆ ಬೆರಳು ಮುರಿದಳು. ಪುಟ್ಟಮಾದಪ್ಪ ಕೋಮಲಳ ಕಡೆ ತಿರುಗಿ ಪಕ್ಕಕ್ಕೆ ಉಗಿದ. ಉಗಿದವನು ಬಸವೇಶನ ಭುಜ ತಟ್ಟಿ, "ನಿನ್ ಕರ್ಮ ಕಣ ಮಗ" ಅಂದ.

"ನಾನಲ್ಲ" ಅಂದಳು ಕೋಮಲ. "ನಾನ್ ಬ್ಯಾಡ ಅನ್ನಿಲ್ಲ. ಒಳ್ಗೇ ಕೂರ್ಸಾನ ಅಂದೆ. ಚೆನ್ನಯ್ಯ, ನೀನಾರ ನಿಜ ಏಳು."

ಚೆನ್ನಯ್ಯ ಕಂಬದ ಹಗ್ಗ ಬಿಗಿ ಮಾಡುವ ನೆಪದಲ್ಲಿ ಬಗ್ಗಿದವನು ತಲೆ ಎತ್ತಲಿಲ್ಲ. ಬಸವೇಶ ಮುಖ ಆ ಕಡೆ ತಿರುಗಿಸಿಕೊಂಡ. ಅವಳ ಮಾತು ನಿಜವಿರಬಹುದು ಎಂದು ಅಲ್ಲಿ ಒಬ್ಬರಿಗೂ ಅನ್ನಿಸಲಿಲ್ಲ. ಅನ್ನಿಸುವುದಕ್ಕೆ ಕಾರಣವೂ ಇರಲಿಲ್ಲ. ನೆನೆದ ಚಾಪೆಯನ್ನು ಅವರೆಲ್ಲ ಕಂಡಿದ್ದರು, ಬಾಗಿಲ ಹಿಂದಿನ ಕೂಗನ್ನು ಅವರೆಲ್ಲ ಕೇಳಿದ್ದರು.

ನಾಗಶ್ರೀ ಚಾಮರಾಜನಗರದಿಂದ ಬಂದು ತಲುಪಿದ್ದು ಆಗಲೇ. ಬ್ಯಾಗನ್ನು ಬೀದಿಯಲ್ಲೇ ಎಸೆದು ಅಜ್ಜಿಯ ಕಾಲ ಮೇಲೆ ಬಿದ್ದು ಅತ್ತಳು. ಯಾರೋ ಅವಳ ಕಿವಿಯಲ್ಲಿ ಏನೋ ಹೇಳಿದರು. ಎದ್ದು ನಿಂತು ತಾಯಿಯನ್ನು ನೋಡಿದಳು. ಅವಳ ಬಣ್ಣವೂ ತಾಯಿಯದೇ, ಕಣ್ಣೂ ತಾಯಿಯದೇ.

"ಇವತ್ತೂ ಗೋಡೆನೇನಮ್ಮ?"

"ನಾಗೂ, ನಾನಲ್ಲ ಕಣೆ. ನಿಮ್ಮಪ್ಪ..."

"ಅಪ್ಪನ ಮೇಲೆ ಹಾಕ್ಬೇಡ" ಅಂದಳು ನಾಗಶ್ರೀ. "ಅಪ್ಪ ಯಾವತ್ತು ಯಾರಿಗೆ ಏನಂದಿದ್ದಾರೆ?"

ಹುಡುಗಿ ತಾಯಿಯ ಕೈಯಿಂದ ವಿಭೂತಿಯ ತಟ್ಟೆಯನ್ನು ತೆಗೆದುಕೊಂಡಳು. ಒಂದು ಹಿಡಿ ತಾನು ಅಜ್ಜಿಯ ಹಣೆಗೆ ಹಚ್ಚಿ, ತಟ್ಟೆಯನ್ನು ಅಪ್ಪನ ಮುಂದೆ ಹಿಡಿದಳು. ಅವನು ಹಚ್ಚಿದ. ಪುಟ್ಟಮಾದಪ್ಪ ಹಚ್ಚಿದ, ಮಹಾದೇವಮ್ಮ ಹಚ್ಚಿದಳು, ಬೀದಿಯವರೆಲ್ಲ ಸಾಲಾಗಿ ಬಂದು ಹಚ್ಚಿದರು. ಕೋಮಲ ಸಾಲಿನ ಕೊನೆಯಲ್ಲಿ ನಿಂತು ತನ್ನ ಸರದಿ ಬಂದಾಗ ಕೈ ಚಾಚಿದಳು. ನಾಗಶ್ರೀ ತಟ್ಟೆಯನ್ನು ಹಿಂದಕ್ಕೆ ಎಳೆದುಕೊಂಡಳು.

"ನೀನು ಒಳಗೆ ಹೋಗಮ್ಮ" ಅಂದಳು. "ಅಜ್ಜಿನ ಮುಟ್ಟಬೇಡ."